ಕೊನೆಗೆ ನೋಡಿದವರು

ಈ ಊರಿಗೆ ಬಂದ ಮೊದಲ ವಾರ ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗ ನಾಲ್ಕು ಸಲ ಕೊಯ್ದುಕೊಂಡೆ. ತಪ್ಪು ಬ್ಲೇಡಿನದಲ್ಲ. ಹಿಂದಿನ ಸಂಜೆ ಮೆಟ್ಟಿಲ ಮೇಲೆ ನನ್ನನ್ನು ಕೊನೆಗೆ ನೋಡಿದವರು ಮನೆಯ ಒಡತಿ, ಮತ್ತು ಆಕೆ ನೋಡಿದ್ದು ನನ್ನ ಬೂಟುಗಳನ್ನು. ಹೀಗಾಗಿ ಬೆಳಿಗ್ಗೆ ಕನ್ನಡಿಯಲ್ಲಿ ಕೆಸರು ಮೆತ್ತಿದ ಎರಡು ಬೂಟು ಲೇಸಿನ ಗಂಟಿನ ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವು. ಅವುಗಳ ಮೇಲೆ ನನ್ನೆತ್ತರಕ್ಕೆ ಹೊಗೆಯಂಥದೇನೋ ನಿಂತಿತ್ತು. ಆ ಹೊಗೆಯಲ್ಲಿ ಗದ್ದ ಎಲ್ಲಿದೆಯೆಂದು ಹುಡುಕುತ್ತ ಬೋಳಿಸಿಕೊಂಡೆ. ಕೆಲಸದ ಮೊದಲ ದಿನ ಮುಖಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಹೋದೆ. ಅಲ್ಲಿನ ಮೇಸ್ತ್ರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಒಡತಿ ನೋಡಿದಳೇನು?" ಎಂದಷ್ಟೇ ಕೇಳಿ, ಇಸ್ತ್ರಿ ಮಾಡಬೇಕಾದ ದಿಂಬಿನ ಚೀಲಗಳ ಕಡೆ ಕೈ ತೋರಿಸಿದ.

ಊರಿನವರಿಗೆ ಇದು ಹುಟ್ಟಿನಿಂದ ಅಭ್ಯಾಸ. ಯಾರು ಕೊನೆಗೆ ನೋಡಿದರೋ ಅವರಿಗೆ ಕಂಡಂತೆ ನಾವು ಕನ್ನಡಿಯಲ್ಲಿ ಕಾಣುತ್ತೇವೆ ಎಂಬುದನ್ನು ಅವರು ಬಿಸಿಲು ಚಳಿಯ ಹಾಗೆ ತೆಗೆದುಕೊಂಡಿದ್ದಾರೆ. ಬಟ್ಟೆ ಅಂಗಡಿಗಳಲ್ಲಿ ಸಂಬಳ ಕೊಟ್ಟು ಮೆಚ್ಚುವವರನ್ನು ಇಟ್ಟುಕೊಂಡಿರುತ್ತಾರೆ. ನೀವು ಹೊಸ ಅಂಗಿ ತೊಟ್ಟು ಬಾಗಿಲು ತೆರೆದ ಕೂಡಲೇ ಅಲ್ಲಿ ಸ್ಟೂಲಿನ ಮೇಲೆ ಕೂತ ಹೆಂಗಸು ನಿಮ್ಮನ್ನು ಕಣ್ತುಂಬ ನೋಡುತ್ತಾಳೆ. ಆಮೇಲೆ ಕನ್ನಡಿ ನೋಡಿಕೊಂಡರೆ ಆ ಅಂಗಿಯನ್ನು ಬಿಟ್ಟು ಬರುವ ಮನಸ್ಸಾಗುವುದಿಲ್ಲ. ಸಂಜೆ ಐದರ ಹೊತ್ತಿಗೆ ಆ ಹೆಂಗಸಿಗೆ ಸುಸ್ತಾಗಿರುತ್ತದೆ. ಆಗ ಹೋದರೆ ಅದೇ ಅಂಗಿ ಅರ್ಧ ಬೆಲೆಗೆ ಸಿಗುತ್ತದೆ. ಮದುವೆ ಮುಂಜಿಗೆ ಹೋಗುವವರು ಮೊದಲು ಕಣ್ಣಾಸ್ಪತ್ರೆಯ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ಪೊರೆ ಬಂದ ಮುದುಕರು ಬೆಂಚಿನ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡುತ್ತಾರೆ. ಅವರು ನೋಡಿದ ಮೇಲೆ ಯಾರ ಮುಖದಲ್ಲೂ ಒಂದು ಸುಕ್ಕು ಇರುವುದಿಲ್ಲ. ಆಪರೇಷನ್ ಮಾಡಿಸಿಕೊಳ್ಳಲು ಆ ಮುದುಕರನ್ನು ಮನೆಯವರು ಬಿಡುವುದಿಲ್ಲವೆಂದು ಡಾಕ್ಟರು ಗೊಣಗುತ್ತಿರುತ್ತಾರೆ.

ನಮ್ಮಂಥವರಿಗೆ ಇಷ್ಟೆಲ್ಲ ಅನುಕೂಲ ಎಲ್ಲಿಯದು? ನನ್ನ ಕೆಲಸ ಹೋಟೆಲೊಂದರ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ. ಮೇಸ್ತ್ರಿ ನೋಡಿದ ದಿನ ಕನ್ನಡಿಯಲ್ಲಿ ಮೊಣಕೈವರೆಗೆ ಎರಡು ಕೈ ಮಾತ್ರ ಇರುತ್ತಿದ್ದವು. ಟ್ರಾಮಿನ ಟಿಕೆಟ್ ತಪಾಸಣೆಯವನು ನೋಡಿದರೆ ಕಂದು ಬಣ್ಣದ ಒಂದು ಮುಖ ಬರುತ್ತಿತ್ತು. ಅದು ನನ್ನದಾಗಿರುತ್ತಿರಲಿಲ್ಲ, ಆದರೆ ಚೆನ್ನಾಗಿಯೇ ಇರುತ್ತಿತ್ತು. ನನ್ನ ಜೊತೆ ಇಸ್ತ್ರಿ ಮಾಡುವ ಇನ್ನಿಬ್ಬರು ಬೇರೆ ಬೇರೆ ದೇಶದವರು. ಒಂದು ದಿನ ಮೂವರೂ ಟ್ರಾಮಿನಿಂದ ಇಳಿದು ಕೆಲಸಕ್ಕೆ ಬಂದು ಕೈಕಾಲು ತೊಳೆಯುವಾಗ ನೋಡಿದರೆ ಮೂವರಿಗೂ ಅದೇ ಮುಖ. ಅವತ್ತು ಒಬ್ಬನೇ ತಪಾಸಣೆಯವನು ಮೂವರನ್ನೂ ನೋಡಿದ್ದ. ನಾವು ಅಣ್ಣತಮ್ಮಂದಿರಂತೆ ನಕ್ಕೆವು.

ನಮ್ಮವರು ನಮ್ಮನ್ನು ಸರಿಯಾಗಿ ನೋಡುತ್ತಾರೆಂಬ ಆಸೆಯಿಂದ ಯುಗಾದಿಗೆ ಕನ್ನಡದವರ ಕೂಟಕ್ಕೆ ಹೋದೆ. ಹೋಳಿಗೆ ಊಟವಾದ ಮೇಲೆ ಕೈ ತೊಳೆಯಲು ಹೋದ ಹೆಂಗಸರು ಬೆಳ್ಳಗೆ ಬಿಳಿಚಿಕೊಂಡು ಹೊರಬಂದರು. ಒಬ್ಬೊಬ್ಬರಿಗೂ ಕನ್ನಡಿಯಲ್ಲಿ ಸರ ಕಂಡಿತ್ತಂತೆ, ಕುತ್ತಿಗೆ ಕಂಡಿರಲಿಲ್ಲ. ಅಧ್ಯಕ್ಷರು ಒಳಗೆ ಹೋದವರು ಬಹಳ ಹೊತ್ತು ಬರಲೇ ಇಲ್ಲ. ಅವರು ಎಲ್ಲರ ಕಣ್ಣಲ್ಲೂ ಮೊಣಕಾಲೆತ್ತರ ಇದ್ದರೆಂದು ಕಾರ್ಯದರ್ಶಿ ಎಲ್ಲರಿಗೂ ಗುಟ್ಟಾಗಿ ಹೇಳಿದ. ಮುಂದಿನ ವರ್ಷದಿಂದ ಕೂಟದ ದಿನ ಸಭಾಂಗಣದ ಕನ್ನಡಿಗಳಿಗೆಲ್ಲ ಬೆಡ್‌ಶೀಟು ಹೊದಿಸುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಕೂಟದ ಇತಿಹಾಸದಲ್ಲಿ ಒಮ್ಮತವಾದದ್ದು ಅದೊಂದೇ.

ಎಂಟು ತಿಂಗಳ ನಂತರ ಹೆಂಡತಿ ಪ್ರಮೀಳಾ, ಮಗಳು ಇಂಚರ ಬಂದರು. ಪ್ರಮೀಳಾ ನರ್ಸು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಇಂಚರಳಿಗೆ ಆಗ ಐದು ವರ್ಷ. ಮೊದಲ ತಿಂಗಳು ಕನ್ನಡಿಯಲ್ಲಿ ನಾನು ಎಷ್ಟು ಚೆನ್ನಾಗಿದ್ದೆನೆಂದರೆ ಸುಮ್ಮಸುಮ್ಮನೆ ಬಚ್ಚಲಿಗೆ ಹೋಗಿ ಬರುತ್ತಿದ್ದೆ. ಆಮೇಲೆ ಅವಳದು ಒಂದು ಪಾಳಿ, ನನ್ನದು ಒಂದು ಪಾಳಿ ಆಯಿತು. ಬಾಗಿಲಲ್ಲಿ ಒಬ್ಬರು ಚಪ್ಪಲಿ ಬಿಡುವಾಗ ಇನ್ನೊಬ್ಬರು ಹಾಕಿಕೊಳ್ಳುತ್ತಿದ್ದೆವು. ಒಂದು ಬೆಳಿಗ್ಗೆ ಕನ್ನಡಿ ನೋಡಿದರೆ ಅದರಲ್ಲಿ ಮನುಷ್ಯನೇ ಇರಲಿಲ್ಲ. ಹಾಸಿಗೆಯ ಮೇಲೆ ಬಿಸಾಡಿದ ಒದ್ದೆ ಟವೆಲು ನನ್ನೆತ್ತರಕ್ಕೆ ಎದ್ದು ನಿಂತಿತ್ತು. ಕೊನೆಗೆ ನೋಡಿದವಳು ಪ್ರಮೀಳಾ, ಆದರೂ ನಾನು ಜಗಳವಾಡಲಿಲ್ಲ. ಹಿಂದಿನ ವಾರ ನಾನು ನೋಡಿದ ಮೇಲೆ ತನಗೆ ಬರೀ ಯೂನಿಫಾರ್ಮು, ಅದರ ಸೊಂಟಕ್ಕೆ ಮನೆಯ ಕೀಲಿಗೊಂಚಲು ಕಂಡಿತೆಂದು ಅವಳೂ ಹೇಳಿದ್ದಳು. ಅವತ್ತೇ ಬಚ್ಚಲ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದೆ. ಅಂದಿನಿಂದ ಕೈಯಲ್ಲಿ ತಡವಿಕೊಂಡೇ ಬೋಳಿಸಿಕೊಳ್ಳುತ್ತೇನೆ.

ಅವರಿಬ್ಬರೂ ಬಂದು ನಾಲ್ಕು ವರ್ಷ ಕಳೆದ ಮೇಲೆ ವಾಸದ ಅನುಮತಿ ಮುಗಿಯುತ್ತ ಬಂದಿದೆಯೆಂದು ಕಚೇರಿಯಿಂದ ಕಾಗದ ಬಂತು. ಅದನ್ನು ಮುಂದುವರಿಸಬೇಕಾದರೆ ಒಂದೇ ಪರೀಕ್ಷೆ. ಒಂದೇ ಮನೆಯಲ್ಲಿರುವ ಒಬ್ಬ ನೋಡುಗರನ್ನು ಕರೆದೊಯ್ಯಬೇಕು. ಅವರು ಹೊರಗೆ ನಿಮ್ಮನ್ನು ನೋಡುತ್ತಾರೆ. ನೀವು ಒಳಗೆ ಹೋಗಿ ಕಚೇರಿಯ ಕನ್ನಡಿಯ ಮುಂದೆ ಕೂರಬೇಕು. ಕನ್ನಡಿಯಲ್ಲಿ ಕಂಡದ್ದು ಅರ್ಜಿಯ ಫೋಟೋಗೆ ಹೊಂದಿದರೆ ಮೂರು ವರ್ಷ ಇರಬಹುದು. ಹೊಂದದಿದ್ದರೆ ಮೂವತ್ತು ದಿನದಲ್ಲಿ ಊರು ಬಿಡಬೇಕು. ಪ್ರಮೀಳಾಳ ಅನುಮತಿ ಆಸ್ಪತ್ರೆಯ ಮೂಲಕ ಆದದ್ದು, ಅದಕ್ಕೇನೂ ಆಗುವುದಿಲ್ಲ. ಆದರೆ ಇಂಚರಳ ಹೆಸರು ನನ್ನ ಅರ್ಜಿಯ ಕೆಳಗಿದೆ. ನಾನು ಹೋದರೆ ಅವಳೂ ಹೋಗಬೇಕು. ತಾಯಿ ಇಲ್ಲಿ, ತಂದೆ ಮಗಳು ಅಲ್ಲಿ.

ಹಿಂದಿನ ಸಲ ಪ್ರಮೀಳಾಳನ್ನು ಕರೆದುಕೊಂಡು ಹೋಗಿದ್ದೆ. ಅದು ಟವೆಲಿಗೆ ಮುಂಚಿನ ಮಾತು. ಈ ಸಲ ಕೇಳಿದಾಗ ಅವಳು ಟಿಫಿನ್ ಬಾಕ್ಸಿನ ಮುಚ್ಚಳ ಒತ್ತುತ್ತ ನಕ್ಕಳು.

"ನನ್ನ ಕರ್ಕೊಂಡೋಗಿ ಏನ್ ಮಾಡ್ತೀರಿ? ಟವೆಲಿಗೆ ವೀಸಾ ಕೊಡಿಸ್ತೀರಾ?"

"ಒಂದು ದಿನದ ಮಟ್ಟಿಗೆ ಸ್ವಲ್ಪ ಚೆನ್ನಾಗಿ ನೋಡಕ್ಕಾಗಲ್ವಾ?"

"ಬೇಕಂತ ನೋಡಿದ್ರೆ ಬರಲ್ಲ ಕಣ್ರೀ. ಗುರುಸಿದ್ದಪ್ಪನೋರ ಕಥೆ ಮರೆತ್ರಾ?"

ಮರೆಯುವುದು ಹೇಗೆ? ಕನ್ನಡದವರ ಕೂಟದ ಗುರುಸಿದ್ದಪ್ಪ ಹೆಂಡತಿಗೆ ಹೊಸ ಸೀರೆ ತಂದುಕೊಟ್ಟು, ವಾರವಿಡೀ ಪಾತ್ರೆ ತೊಳೆದುಕೊಟ್ಟು, ಹೂವು ಮುಡಿಸಿ ಕಚೇರಿಗೆ ಕರೆದೊಯ್ದಿದ್ದ. ಕನ್ನಡಿಯಲ್ಲಿ ಅವನ ಅಪ್ಪ ಬಂದು ಕೂತಿದ್ದರು. ಹೆಂಡತಿ ಗಂಡನನ್ನು ನೋಡಿದಾಗಲೆಲ್ಲ ಮಾವನನ್ನೇ ಕಾಣುತ್ತಿದ್ದಳಂತೆ. ಅರ್ಜಿದಾರರ ಬದಲು ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ವ್ಯಕ್ತಿ ಪರವಾನಗಿಯಿಲ್ಲದೆ ಊರಿನಲ್ಲಿ ವಾಸವಾಗಿದ್ದಾರೆಂದು ಕಚೇರಿಯವರು ದಂಡ ಹಾಕಿ, ಮಗನನ್ನು ವಾಪಸು ಕಳಿಸಿದರು.

"ಇಂಚರನ್ನ ಕರ್ಕೊಂಡೋಗಿ," ಎಂದಳು ಪ್ರಮೀಳಾ. "ಮಕ್ಕಳ ಕಣ್ಣಲ್ಲಿ ಕಲ್ಮಶ ಇರಲ್ಲ."

ನನಗೂ ಅದೇ ಧೈರ್ಯ. ಹೆಂಡತಿ ನೋಡುವುದು ಬೇರೆ, ಮಗಳು ನೋಡುವುದು ಬೇರೆ. ಇಂಚರಳನ್ನು ಎಬ್ಬಿಸುವವನು ನಾನು, ಜಡೆ ಹೆಣೆಯುವವನು ನಾನು, ದೋಸೆ ಹುಯ್ದು ಕೊಡುವವನು, ಬ್ಯಾಗು ಹೊತ್ತು ಶಾಲೆಗೆ ಬಿಡುವವನು ನಾನು. ನಾಲ್ಕು ವರ್ಷದಲ್ಲಿ ಅವಳಷ್ಟು ಹೊತ್ತು ನನ್ನನ್ನು ಈ ಊರಿನಲ್ಲಿ ಬೇರೆ ಯಾರು ನೋಡಿದ್ದಾರೆ?

ಕೆಳಗಿನ ಮನೆಯ ನೀಲಗಂಗಕ್ಕ ಸುದ್ದಿ ತಿಳಿದು ತಾನೂ ಬರುತ್ತೇನೆಂದು ಹಟ ಹಿಡಿದಳು. ಗದಗಿನ ಕಡೆಯ ಹೆಂಗಸು. ಇಲ್ಲಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಬಂದು ಒಂಬತ್ತು ವರ್ಷವಾಗಿದೆ. ನಮ್ಮಿಬ್ಬರ ಪಾಳಿ ಒಟ್ಟಿಗೆ ಬಿದ್ದ ದಿನ ಇಂಚರಳನ್ನು ನೋಡಿಕೊಳ್ಳುವವಳು ಅವಳೇ, ಇಂಚರಳಿಗೆ ಅವಳು ಅಜ್ಜಿ. ಕನ್ನಡಿಯ ವಿಷಯದಲ್ಲಿ ಅವಳಿಗೆ ಊರಿನವರ ಮೇಲೆ ಒಂದಿಷ್ಟೂ ಗೌರವವಿಲ್ಲ. "ಇವ್ರಿಗೆ ಈಗ ಗೊತ್ತಾಗೇತಿ, ಕಣ್ಣ ಹತ್ತತಾವು ಅಂತ. ನಮಗ ಹುಟ್ಟಿದಾಗಿಂದ ಗೊತ್ತೈತಿ," ಎನ್ನುತ್ತಿದ್ದಳು. ಪ್ರತಿ ಅಮಾವಾಸ್ಯೆ ಇಂಚರಳನ್ನು ಕೂರಿಸಿಕೊಂಡು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ತೆಗೆದ ಮೇಲೆ "ಈಗ ಮಖ ಗೆಲುವಾತ ನೋಡು" ಎಂದು ಗಲ್ಲ ಹಿಡಿದು ನೋಡುತ್ತಿದ್ದಳು. ತೆಗೆದ ಜಾಗಕ್ಕೆ ಕೂಡಲೇ ಅವಳ ನೋಟ ಬಂದು ಕೂರುತ್ತಿದ್ದುದರಿಂದ ದೃಷ್ಟಿ ತೆಗೆದದ್ದಕ್ಕೂ ಕನ್ನಡಿಗೂ ಇರುವ ಸಂಬಂಧ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಆ ದಿನ ಮೂವರೂ ಟ್ರಾಮಿನಲ್ಲಿ ಹೋದೆವು. ಕಚೇರಿಯ ಕಾಯುವ ಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಒಬ್ಬ ಗಂಡ ಹೆಂಡತಿಗೆ ಚಾಕೊಲೇಟು ತಿನ್ನಿಸುತ್ತ "ಮೊದಲ ಸಲ ಭೇಟಿಯಾದದ್ದು ನೆನಪು ಮಾಡಿಕೋ, ಅವತ್ತಿನ ಅಂಗಿಯನ್ನೇ ಹಾಕಿದ್ದೇನೆ" ಎಂದು ಬೇಡಿಕೊಳ್ಳುತ್ತಿದ್ದ. ಆಕೆ ಅಂಗಿಯನ್ನೇ ನೋಡುತ್ತಿದ್ದಳು, ಅದು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಕಚೇರಿಯ ಸಿಬ್ಬಂದಿ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಅವರು ನೋಡಿದರೆ ಸಾಕ್ಷ್ಯ ಕೆಡುತ್ತದೆಂದು ನಿಯಮವಿದೆ. ಬಾಗಿಲ ಹತ್ತಿರದ ಜವಾನ ನೆಲ ನೋಡಿಕೊಂಡು ನಂಬರು ಕೂಗುತ್ತಾನೆ, ನೆಲ ನೋಡಿಕೊಂಡೇ ಬಾಗಿಲು ತೆರೆಯುತ್ತಾನೆ. ಮೂವತ್ತು ವರ್ಷ ಹೀಗೆ ಕೆಲಸ ಮಾಡಿದವರು ನಿವೃತ್ತರಾದ ಮೇಲೂ ಯಾರ ಮುಖವನ್ನೂ ನೋಡುವುದಿಲ್ಲವಂತೆ. ಊರಿನಲ್ಲಿ ಅವರಿಗೆ ಬಹಳ ಮರ್ಯಾದೆ.

ಇಂಚರ ನನ್ನ ಎದುರು ಕೂತು ಕಾಲು ಆಡಿಸುತ್ತ ನನ್ನನ್ನು ಒಮ್ಮೆ ನೋಡಿದಳು, ಗಡಿಯಾರವನ್ನು ಎರಡು ಸಲ ನೋಡಿದಳು.

"ಸಾಕಾ ಅಪ್ಪಾ?"

"ಇನ್ನೂ ಸ್ವಲ್ಪ ನೋಡೇ."

"ನೋಡಾಯ್ತಲ್ಲ."

ಜವಾನ ನನಗಿಂತ ಮೊದಲಿನವರ ನಂಬರು ಕೂಗಿದ. ಅಷ್ಟರಲ್ಲಿ ನೀಲಗಂಗಕ್ಕ ನನ್ನ ತೋಳು ಹಿಡಿದು ಒಳಬಾಗಿಲ ಪಕ್ಕದ ಮೂಲೆಗೆ ಎಳೆದಳು. ಅಲ್ಲಿ ಯಾರೂ ಇರಲಿಲ್ಲ. "ತಮ್ಮಾ, ಇಲ್ಲಿ ಎಷ್ಟ ಮಂದಿ ಕಣ್ಣು ಬಿದ್ದಾವಪಾ ನಿನ್ನ ಮ್ಯಾಲೆ. ಮಖ ಬಾಡಿ ಹೋಗೇತಿ. ಸುಮ್ಮ ನಿಂದ್ರು," ಎಂದು ಸೀರೆಯ ಸೆರಗಿನಿಂದ ಪೊಟ್ಟಣ ಬಿಚ್ಚಿದಳು. ಉಪ್ಪು ಮೆಣಸಿನಕಾಯಿಯ ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿದಳು. "ಟ್ರಾಮಿನ್ಯಾಗಿನವ್ರ ಕಣ್ಣು, ಹೋಟೆಲಿನವ್ರ ಕಣ್ಣು, ಮನಿ ಒಡತಿ ಕಣ್ಣು, ಕಂಡವ್ರ ಕಣ್ಣು, ನಮ್ಮವ್ರ ಕಣ್ಣು, ಎಲ್ಲಾ ಸುಟ್ಟು ಬೂದಿ ಆಗ್ಲಿ!" ಒಲೆ ಇಲ್ಲದ್ದರಿಂದ ಅದನ್ನು ಬಚ್ಚಲಿಗೆ ಸುರಿಯಬೇಕಾಗಿತ್ತು. ಸುರಿಯಲು ಹೊರಟವರು ತಿರುಗಿ ನೋಡಬಾರದು. ಹಿಂದೆಯೇ ಬಂದ ಇಂಚರಳ ಕೈಯನ್ನೂ ಹಿಡಿದುಕೊಂಡು, "ನೀನೂ ಹಿಂದಕ್ಕ ತಿರುಗಬ್ಯಾಡ, ನಡಿ," ಎಂದಳು. ಇಬ್ಬರೂ ನನಗೆ ಬೆನ್ನು ಹಾಕಿ ಹೋದರು. ಅದೇ ಕ್ಷಣಕ್ಕೆ ಜವಾನ ನನ್ನ ನಂಬರು ಕೂಗಿದ. ಮೆಣಸಿನಕಾಯಿಯ ಘಾಟಿಗೆ ಒಂದು ಸೀನು ಸೀನಿ ನಾನು ಒಳಗೆ ಹೋದೆ.

ಒಳಗೆ ಒಂದು ಕುರ್ಚಿ, ಅದರ ಮುಂದೆ ಗೋಡೆಯುದ್ದದ ಕನ್ನಡಿ. ವಯಸ್ಸಾದ ಮೇಲಧಿಕಾರಿಣಿ, ಒಬ್ಬ ಕಿರಿಯ ಸಹಾಯಕ, ಇಬ್ಬರೂ ನನ್ನ ಕಡೆ ಬೆನ್ನು ಹಾಕಿ, ಕನ್ನಡಿಗೆ ಮುಖ ಮಾಡಿ ಕೂತಿದ್ದರು.

"ಅರ್ಜಿದಾರರು ಬಂದು ಕುಳಿತುಕೊಳ್ಳಲಿ," ಎಂದರು ಮೇಲಧಿಕಾರಿಣಿ.

"ಕೂತಿದ್ದೇನೆ ಮೇಡಂ."

ಕನ್ನಡಿಯಲ್ಲಿ ಕುರ್ಚಿ ಕಾಣುತ್ತಿತ್ತು. ಕುರ್ಚಿಯ ಹಿಂದಿನ ಗೋಡೆ, ಗೋಡೆಯ ಕ್ಯಾಲೆಂಡರು, ಅದರಲ್ಲಿನ ತಾರೀಕು ಎಲ್ಲವೂ ಕಾಣುತ್ತಿದ್ದವು. ನಾನಿರಲಿಲ್ಲ. ಬೂಟು, ಟವೆಲು, ಹೊಗೆ, ಯಾವುದೂ ಇರಲಿಲ್ಲ. ಮೊಣಕಾಲು ಮುಟ್ಟಿ ನೋಡಿಕೊಂಡೆ. ಇತ್ತು.

"ಧ್ವನಿ ಬರುತ್ತಿದೆ," ಎಂದ ಸಹಾಯಕ.

"ಧ್ವನಿಯ ಬಗ್ಗೆ ನಿಯಮವಿಲ್ಲ," ಎಂದರು ಆಕೆ. ಕನ್ನಡಕ ಒರೆಸಿ ಮತ್ತೆ ನೋಡಿದರು. "ಮೂವತ್ತೊಂದು ವರ್ಷ ಇಲ್ಲಿ ಕೂತಿದ್ದೇನೆ. ಮೂಗು ಒಂದೇ ಬಂದದ್ದಿದೆ. ಒಬ್ಬರ ಬದಲು ಕೊಡೆ ಬಂದದ್ದಿದೆ. ಖಾಲಿ ಬಂದದ್ದಿಲ್ಲ. ಕೆಟ್ಟದಾಗಿಯಾದರೂ ಯಾರಾದರೊಬ್ಬರು ನೋಡಿಯೇ ಇರುತ್ತಾರೆ. ಅರ್ಜಿದಾರರೇ, ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ನಿಮ್ಮನ್ನು ಯಾರೂ ನೋಡಿಲ್ಲವೆ?"

ಉಪ್ಪು ಮೆಣಸಿನಕಾಯಿ ಎಲ್ಲರ ನೋಟವನ್ನೂ ನನ್ನಿಂದ ತೆಗೆದುಹಾಕಿದ್ದನ್ನು ಆ ಊರಿನ ಭಾಷೆಯಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ. ಹೇಳಿದ್ದರೂ ಸಾಕ್ಷ್ಯನಾಶವೆಂದು ನೀಲಗಂಗಕ್ಕನನ್ನು ಹಿಡಿಯುತ್ತಿದ್ದರು. "ಇಲ್ಲ ಮೇಡಂ," ಎಂದೆ. ಹೇಳಿದ ಮೇಲೆ ಅದು ಪೂರ್ತಿ ಸುಳ್ಳೂ ಅಲ್ಲವೆನ್ನಿಸಿತು.

ಇನ್ನು ಮೂವತ್ತು ದಿನ ಎಂದು ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ. ಇಂಚರಳ ಶಾಲೆಗೆ ಏನು ಹೇಳುವುದು, ಪ್ರಮೀಳಾಳಿಗೆ ಬಾಗಿಲಲ್ಲಿ ನಿಂತು ಎಷ್ಟು ಮಾತಿನಲ್ಲಿ ಹೇಳುವುದು. ಅಷ್ಟರಲ್ಲಿ ಸಹಾಯಕ ನನ್ನ ಕಡತ ತೆರೆದ.

"ಮೇಡಂ, ಹೊರಗಿನಿಂದ ಬಂದವರು ಎಲ್ಲಿ ನೋಡಿದರಲ್ಲಿ ಕಾಣುತ್ತಾರೆ ಎಂದಲ್ಲವೆ ಪುರಸಭೆಗೆ ದಿನವೂ ದೂರು ಬರುವುದು? ಇವರ ಕಡತ ನೋಡಿ. ಒಂದು ದಿನವೂ ರಜೆ ಹಾಕಿಲ್ಲ, ತೆರಿಗೆ ಬಾಕಿಯಿಲ್ಲ, ಆಸ್ಪತ್ರೆಗೆ ಹೋಗಿಲ್ಲ. ಮತ್ತು ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ನಿವಾಸಿಯನ್ನು ಎಲ್ಲಿಂದ ತರುವುದು?"

ಮೇಲಧಿಕಾರಿಣಿಯ ಭುಜಗಳು ಸಡಿಲವಾದದ್ದನ್ನು ನಾನು ಹಿಂದಿನಿಂದ ಕಂಡೆ. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿಕೊಂಡು ನಿಯಮಗಳ ದಪ್ಪ ಪುಸ್ತಕವೊಂದನ್ನು ತೆರೆದು ಮುಚ್ಚಿದರು. ನನಗೆ ಕಾಯಂ ಅನುಮತಿ ಕೊಡಬಹುದೆಂದಾಯಿತು. ಮೂರು ವರ್ಷಕ್ಕೊಮ್ಮೆ ಬರುವ ಕಾಟವೇ ಇಲ್ಲ. ಮಗಳಿಗೂ ಅದೇ. ಷರತ್ತು ಒಂದೇ, ನಾನು ಇದೇ ಸ್ಥಿತಿಯನ್ನು ಕಾಪಾಡಿಕೊಂಡು ಹೋಗಬೇಕು.

"ಆಗುತ್ತದೆಯೇ?" ಎಂದು ಆಕೆ ಖಾಲಿ ಕುರ್ಚಿಯನ್ನು ಕೇಳಿದರು.

"ಆಗುತ್ತದೆ ಮೇಡಂ," ಎಂದೆ. ಸುಳ್ಳೇಕೆ ಹೇಳಲಿ, ಸಂತೋಷದಿಂದಲೇ ಎಂದೆ. ಕಾಣದೆ ಇರುವುದರಲ್ಲಿ ನನಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ನೆಲಮಾಳಿಗೆಯ ಬಾಗಿಲಿನಿಂದ ಹೋಗಿ ಬರುತ್ತೇನೆ. ಮನೆಯಲ್ಲಿ ಯಾರಾದರೂ ಏಳುವ ಮೊದಲು ಎದ್ದಿರುತ್ತೇನೆ. ಇಷ್ಟು ದಿನ ಬಿಟ್ಟಿಯಾಗಿ ಮಾಡಿದ್ದಕ್ಕೆ ಈಗ ಪತ್ರ ಸಿಗುತ್ತಿದೆ, ಅಷ್ಟೆ. ಸಹಾಯಕ ಮೊಹರನ್ನು ಶಾಯಿಗೆ ಒತ್ತಿ ಕೈ ಎತ್ತಿದ.

ಬಾಗಿಲು ತೆರೆಯಿತು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಇಂಚರ ನಿಂತಿದ್ದಳು. ನೆಲ ನೋಡುವ ಜವಾನನಿಗೆ ಅವಳ ಶೂ ಕಂಡಿರಬೇಕು, ತಡೆಯುವಷ್ಟು ದೊಡ್ಡವೆನ್ನಿಸಿರಲಿಕ್ಕಿಲ್ಲ.

"ಅಪ್ಪಾ, ಆಯ್ತಾ ಅಂತ ಅಜ್ಜಿ ಕೇಳ್ತಿದಾರೆ," ಎಂದು ನನ್ನನ್ನು ನೋಡಿದಳು.

ಕನ್ನಡಿ ತುಂಬಿತು. ಮೊಹರು ಗಾಳಿಯಲ್ಲೇ ನಿಂತಿತು.

ಕನ್ನಡಿಯಲ್ಲಿ ಕಂಡದ್ದು ನನ್ನ ಬೆನ್ನು. ನಾನು ಕನ್ನಡಿಗೆ ಎದುರಾಗಿ ಕೂತಿದ್ದೇನೆ, ಕನ್ನಡಿಯೊಳಗಿನವನು ಆಚೆ ಮುಖ ಮಾಡಿ ಎಲ್ಲಿಗೋ ಹೊರಟವನ ಹಾಗೆ ನಿಂತಿದ್ದಾನೆ. ಅಂಗಿಯ ಕಾಲರಿನ ಕೆಳಗೆ ಹೊಲಿಗೆ ಬಿಟ್ಟಿತ್ತು. ಅದು ನನಗೇ ಗೊತ್ತಿರಲಿಲ್ಲ. ನಡುಬೆನ್ನಿನಲ್ಲಿ ಬೆವರು ಒಣಗಿದ ಬಿಳಿ ಗೆರೆಯಿತ್ತು, ನೆತ್ತಿಯಲ್ಲಿ ಬೆಳ್ಳಿ ರೂಪಾಯಿಯಷ್ಟು ಕೂದಲು ಹೋಗಿತ್ತು. ಎಡಭುಜದ ಮೇಲೆ ಮೊಲದ ಚಿತ್ರದ ಸ್ಕೂಲ್ ಬ್ಯಾಗು ನೇತಾಡುತ್ತಿತ್ತು. ಆ ದಿನ ನಾನು ಬ್ಯಾಗನ್ನು ತಂದೇ ಇರಲಿಲ್ಲ. ಒಂದು ಕೈ ಹಿಂದಕ್ಕೆ ಚಾಚಿತ್ತು, ಬಾ ಬಾ ಎನ್ನುವ ಹಾಗೆ. ಬೂಟಿನಿಂದ ಕಿವಿಯವರೆಗೆ ಒಂದು ಎಳೆಯೂ ಬಿಟ್ಟುಹೋಗಿರಲಿಲ್ಲ. ಈ ಊರಿಗೆ ಬಂದಾಗಿನಿಂದ ನಾನು ಇಷ್ಟು ಪೂರ್ತಿಯಾಗಿ ಎಲ್ಲೂ ಕಂಡವನಲ್ಲ.

"ಇದು ಯಾರು?" ಎಂದರು ಮೇಲಧಿಕಾರಿಣಿ.

"ನಮ್ಮಪ್ಪ," ಎಂದಳು ಇಂಚರ. ಅವಳು ಆ ಊರಿನ ಭಾಷೆಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ.

"ಇದು ಬೆನ್ನು."

"ಹೌದು. ಅಪ್ಪ ಹೀಗೇ ಇರುವುದು."

"ಮುಖ ಹೇಗಿದೆ?"

ಇಂಚರ ಯೋಚಿಸಿದಳು. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದಾಗ ಮಾಡುವ ಹಾಗೆ ಕೆಳತುಟಿ ಕಚ್ಚಿದಳು. "ಶಾಲೆಗೆ ಹೋಗುವಾಗ ಬೇಗ ಬೇಗ ಎಂದು ಸ್ವಲ್ಪ ತಿರುಗುತ್ತಾರೆ. ಆಗ ಈ ಕಡೆಯ ಕೆನ್ನೆ ಕಾಣುತ್ತದೆ."

ನಿಜ, ಕನ್ನಡಿಯಲ್ಲಿ ಒಂದು ಕಿವಿಯ ಪಕ್ಕದಲ್ಲಿ ಬೆರಳಗಲ ಕೆನ್ನೆಯಿತ್ತು.

ಜಡೆ ಹೆಣೆಯುವಾಗ ಅವಳು ಗೋಡೆಯ ಕಡೆ ಕೂತಿರುತ್ತಾಳೆ. ದೋಸೆ ಹುಯ್ಯುವಾಗ ನಾನು ಒಲೆಯ ಕಡೆ. ಪಾತ್ರೆ ತೊಳೆಯುವಾಗ, ಅವಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗ, ಬಾಗಿಲಲ್ಲಿ ಬಗ್ಗಿ ಲೇಸು ಕಟ್ಟುವಾಗ ಎಲ್ಲೆಲ್ಲಿ ನಿಂತಿರುತ್ತೇನೆಂದು ಒಂದೊಂದಾಗಿ ನೆನೆಸಿಕೊಂಡೆ. ದಾರಿಯಲ್ಲಂತೂ ನಾನು ಯಾವತ್ತೂ ನಾಲ್ಕು ಹೆಜ್ಜೆ ಮುಂದೆ. ನಮ್ಮಪ್ಪ ನಮ್ಮವ್ವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದರು. ನಾನು ಆರು ಹೆಜ್ಜೆ ಸುಧಾರಿಸಿದ್ದೇನೆಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಅಧಿಕಾರಿಗಳು ನನ್ನಷ್ಟು ಹೊತ್ತು ಸಂಕಟಪಡಲಿಲ್ಲ. ಸಹಾಯಕ ಬೇಸರದಿಂದ ಮೊಹರು ಕೆಳಗಿಟ್ಟು ಅಳತೆಯ ಟೇಪು ತಂದ. ಕನ್ನಡಿಯ ಮೇಲೆ ಎತ್ತರ, ಭುಜದ ಅಗಲ, ಕಿವಿಯ ಉದ್ದ ಅಳೆದ. ಎಲ್ಲವೂ ಕಡತಕ್ಕೆ ಹೊಂದಿದವು. ಮೇಲಧಿಕಾರಿಣಿ ಪುಸ್ತಕವನ್ನು ಮತ್ತೆ ತೆರೆದರು. ನೋಟ ಫೋಟೋಗೆ ಹೊಂದಬೇಕೆಂದಿದೆ. ಹೊಂದದಿದ್ದ ಕಡೆ ತಪ್ಪು ನೋಟದ್ದೋ ಫೋಟೋದ್ದೋ ಎಂದು ತೀರ್ಮಾನಿಸುವ ಅಧಿಕಾರ ತಮಗಿದೆ ಎಂದರು. "ಇಷ್ಟು ಪೂರ್ಣ ನೋಟ ಈ ವರ್ಷ ಒಂದೂ ಬಂದಿಲ್ಲ. ಫೋಟೋ ತಪ್ಪು. ಬದಲಾಯಿಸಿ."

ಹೀಗೆ ಆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ನನ್ನ ಬೆನ್ನಿನ ಫೋಟೋ ತೆಗೆಸಿಕೊಂಡೆ. "ನಗಬಹುದು," ಎಂದ ಸಹಾಯಕ. ಗುರುತಿನ ಚೀಟಿ ಬಿಸಿಬಿಸಿಯಾಗಿ ಕೈಗೆ ಬಂತು. ಕಾಯಂ ಅಲ್ಲ, ಮೂರು ವರ್ಷ.

ಹೊರಡುವಾಗ ಮೇಲಧಿಕಾರಿಣಿ ಕನ್ನಡಿಯ ಕಡೆ ನೋಡಿಕೊಂಡೇ ಎಚ್ಚರಿಕೆ ಹೇಳಿದರು. "ಮುಂದಿನ ಸಲವೂ ಇದೇ ಬರಬೇಕು. ನೋಡುಗರೂ ಇವರೇ. ನಡುವೆ ಬದಲಾವಣೆ ಮಾಡಿಕೊಳ್ಳಬೇಡಿ. ಮುಖ ಬಂದರೆ ಈ ಚೀಟಿಗೆ ಹೊಂದುವುದಿಲ್ಲ, ಆಗ ಇಬ್ಬರೂ ಊರು ಬಿಡಬೇಕಾಗುತ್ತದೆ."

ಹೊರಗೆ ನೀಲಗಂಗಕ್ಕ ಚೀಟಿಯನ್ನು ಕಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಖ ಎಲ್ಲೈತೋ ತಮ್ಮಾ?"

"ಇದೇ ಅಕ್ಕಾ, ಮೂರು ವರ್ಷಕ್ಕೆ ಆಯ್ತು."

"ಹಿಂತಾದ್ದೇನಪಾ! ಉಪ್ಪು ಕಡಿಮಿ ಬಿತ್ತು ನೋಡು. ಇನ್ನೊಂದ ಮುಷ್ಟಿ ಹಾಕಿದ್ರ ಮಖಾನೂ ಬರತಿತ್ತು."

ನನ್ನ ಮಧ್ಯಾಹ್ನದ ಪಾಳಿಗೆ ನಲವತ್ತು ನಿಮಿಷ ಉಳಿದಿತ್ತು. ಅಭ್ಯಾಸಬಲದಿಂದ ಮುಂದೆ ಮುಂದೆ ನಡೆದೆ. ಈಗ ಅಭ್ಯಾಸಕ್ಕೆ ಕಾನೂನಿನ ಬಲವೂ ಇತ್ತು. ಹಿಂದೆ ಇಂಚರಳ ಶೂ ಟಪಟಪ ಎನ್ನುತ್ತಿದ್ದವು. ನನ್ನ ಒಂದು ಹೆಜ್ಜೆಗೆ ಮೂರು ಟಪಟಪ. ನಾಲ್ಕು ವರ್ಷದಿಂದ ಕಿವಿಗೆ ಬೀಳುತ್ತಿದ್ದ ಸದ್ದು ಅದು. ಅವಳು ನಡೆಯುತ್ತಿರಲಿಲ್ಲ. ಓಡುತ್ತಿದ್ದಳು.

"ಅಪ್ಪಾ," ಎಂದು ಕರೆದಳು. ನಾನು ತಿರುಗಲಿಲ್ಲ. ತಿರುಗಿದರೆ ಏನಾಗುತ್ತದೆಂದು ಈಗಷ್ಟೇ ಕೇಳಿಕೊಂಡು ಬಂದಿದ್ದೆ. ಹೆಜ್ಜೆಯನ್ನು ಮಾತ್ರ ನಿಧಾನ ಮಾಡಿದೆ. ಟ್ರಾಮು ಬಂತು. ಹತ್ತಿದೆವು. ಇಂಚರ ಕಿಟಕಿಯ ಪಕ್ಕ ಕೂತಳು, ನೀಲಗಂಗಕ್ಕ ಅವಳ ಪಕ್ಕ ಕೂತ ಕೂಡಲೇ ನಿದ್ದೆ ಹೋದಳು. ನಾನು ಅವರಿಗೆ ಬೆನ್ನು ಹಾಕಿ ಕಂಬ ಹಿಡಿದು ನಿಂತೆ.

ಎರಡನೇ ನಿಲ್ದಾಣದಲ್ಲಿ ತಪಾಸಣೆಯವನು ಹತ್ತಿದ. ಟ್ರಾಮು ತುಂಬ ಜನರಿದ್ದರೂ ನೇರ ನನ್ನ ಹತ್ತಿರ ಬಂದು ಗುರುತಿನ ಚೀಟಿ ಕೇಳಿದ. ಕೊಟ್ಟೆ. ಚೀಟಿ ನೋಡಿದ, ನನ್ನ ಮುಖ ನೋಡಿದ. ಅವನ ಹುಬ್ಬು ಗಂಟಾಯಿತು.

"ಇದು ನೀವಲ್ಲ."

"ನಾನೇ."

"ಹಾಗಾದರೆ ತಿರುಗಿ. ಹೊಂದುತ್ತದೆಯೇ ನೋಡಬೇಕು."

ತಿರುಗಿದೆ. ತಿರುಗಿದರೆ ಎದುರಿಗೆ, ಒಂದು ಮೊಳ ದೂರದಲ್ಲಿ, ಇಂಚರ.

ಕಿಟಕಿಯ ಕಡೆ ನೋಡು ಎನ್ನಬಹುದಿತ್ತು. ಬಾಯಿಯವರೆಗೆ ಬಂತು ಕೂಡ. ಅವಳು ಆಗಲೇ ತಲೆಯೆತ್ತಿ ನೋಡುತ್ತಿದ್ದಳು, ಮನೆಗೆ ಬಂದ ಹೊಸ ನೆಂಟರನ್ನು ನೋಡುವ ಹಾಗೆ, ಸ್ವಲ್ಪ ನಾಚಿಕೆಯಿಂದ. ಮುಖವನ್ನು ಹೇಗಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಹಿಂದಿನಿಂದ ತಪಾಸಣೆಯವನು ಚೀಟಿಯನ್ನು ನನ್ನ ಬೆನ್ನಿಗೆ ಹಿಡಿದು ಹೊಲಿಗೆ, ಬೆವರಿನ ಗೆರೆ, ನೆತ್ತಿ, ಒಂದೊಂದನ್ನೇ ಹೋಲಿಸುತ್ತಿದ್ದ. ನಿಷ್ಠಾವಂತ. ಎರಡು ನಿಲ್ದಾಣ ಹೋದವು.

"ಅಪ್ಪಾ, ನಿನ್ನ ಹುಬ್ಬಲ್ಲಿ ಒಂದ್ಕಡೆ ಕೂದ್ಲೇ ಇಲ್ಲ."

"ಚಿಕ್ಕೋನಿದ್ದಾಗ ಸೈಕಲ್ಲಿಂದ ಬಿದ್ದಿದ್ದೆ."

"ನೋವಾಯ್ತಾ?"

"ಅವಾಗ ಆಗಿತ್ತು."

ಅವಳು ಕೈ ಚಾಚಿ ನನ್ನ ಗದ್ದದ ಕೆಳಗೆ ಬೆರಳಿಟ್ಟಳು. "ಇಲ್ಲಿ ಗಡ್ಡ ಹಂಗೇ ಬಿಟ್ಟಿದೀಯ. ಇಷ್ಟಗಲ. ಕನ್ನಡಿ ನೋಡ್ಕೊಳಲ್ವಾ ನೀನು?"

"ಹೊಂದುತ್ತದೆ," ಎಂದ ತಪಾಸಣೆಯವನು, ಚೀಟಿಯನ್ನು ನನ್ನ ಭುಜದ ಮೇಲಿಂದ ಮುಂದಕ್ಕೆ ಚಾಚುತ್ತ. "ಸರಿಯಾಗಿದೆ. ಇನ್ನು ಈ ಕಡೆ ತಿರುಗಬಹುದು."

ನಾನು ತಿರುಗಲಿಲ್ಲ.